ಬಕ್ಷೀಸು: ದಾನವೋ, ಬಾಕಿಯೋ?

ಪಂಚಕಲ್ಯಾಣ ಮಹೋತ್ಸವ ಮುಗಿದ ಮರುದಿನ, ಮದುವೆಯ ಅಕ್ಷತೆ ಬಿದ್ದ ಸಂಜೆ, ಯಾತ್ರೆಯಿಂದ ಮರಳುವ ಹೊತ್ತು, ನಮ್ಮ ಮನೆಗಳಲ್ಲಿ ತಪ್ಪದೆ ಏಳುವ ಪ್ರಶ್ನೆಯೊಂದುಂಟು: "ಯಾರಿಗೆ ಎಷ್ಟು ಕೊಡುವುದು?" ಅಡಿಗೆಯವರಿಗೆ ಎಷ್ಟು, ವಾಜಂತ್ರಿಯವರಿಗೆ ಎಷ್ಟು, ಡೋಲಿ ಹೊತ್ತವರಿಗೆ ಎಷ್ಟು, ಬಸದಿಯ ಅಂಗಳ ಗುಡಿಸಿದವಳಿಗೆ ಎಷ್ಟು ಎಂದು ಹಿರಿಯರು ಕೂಡಿ ಲೆಕ್ಕ ಹಾಕುತ್ತಾರೆ. ಲೆಕ್ಕ ಹಾಕುವುದು ತಪ್ಪೆಂದು ವ್ಯಾಪಾರಿಯಾದ ನಾನು ಹೇಳಲಾರೆ. ಆದರೆ ಮೊತ್ತವನ್ನು ಬರೆಯುವ ಮೊದಲು ಅದನ್ನು ಯಾವ ಖಾತೆಗೆ ಬರೆಯಬೇಕೆಂಬುದು ತೀರ್ಮಾನವಾಗಬೇಕು. ಇದು ಜಮಾಖರ್ಚಿನ ಮೊದಲ ಪಾಠ. ನಮ್ಮ ಸಮಾಜವು ಈ ಪಾಠವನ್ನೇ ಮರೆತಿದೆ. ಕೂಲಿಯ ಖಾತೆಯಲ್ಲಿ ಬಾಕಿ ಉಳಿಸಿಕೊಂಡ ಹಣದಲ್ಲಿ ಒಂದಿಷ್ಟನ್ನು ಬಕ್ಷೀಸೆಂದು ಕೊಟ್ಟು, ದಾನದ ಖಾತೆಯಲ್ಲಿ ಪುಣ್ಯವನ್ನು ಜಮಾ ಮಾಡಿಕೊಳ್ಳುತ್ತಿದೆ. ಆ ಖೊಟ್ಟಿ ಬರಹದ ವಿರುದ್ಧವೇ ಈ ಲೇಖನ.

ಕೊಡಬೇಕಾದ ಕೂಲಿಯು ಅಢಾವೆ ಪತ್ರಿಕೆಯಲ್ಲಿ ಜವಾಬ್ದಾರಿಗಳ ಬದಿಗೆ ಬರುತ್ತದೆ. ಅದನ್ನು ತೀರಿಸಿದವನು ಋಣಮುಕ್ತನಾಗುತ್ತಾನೆಯೇ ಹೊರತು ದಾನಿಯಾಗುವುದಿಲ್ಲ. ನಮ್ಮ ಆಚಾರ್ಯರ ನಿರ್ಣಯವೂ ಇದಕ್ಕೆ ಭಿನ್ನವಲ್ಲ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಯನ್ನು ನಾಲ್ಕಾಗಿ ವಿಂಗಡಿಸಿದ್ದಾರೆ: ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ. ದುಡಿದವನಿಗೆ ಸಲ್ಲಿಸುವ ಕೂಲಿಗೆ ಈ ನಾಲ್ಕರಲ್ಲಿ ಎಲ್ಲಿಯೂ ಸ್ಥಾನವಿಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಹೇಳುವಾಗ ಮೊದಲಿಗೆ ಇಟ್ಟದ್ದು ನ್ಯಾಯದಿಂದ ಗಳಿಸಿದ ಧನವನ್ನು. ಕೂಲಿಯವನ ಪಾಲನ್ನು ತಡೆಹಿಡಿದು ಉಳಿಸಿದ ಹಣವು ನ್ಯಾಯದ ಧನವಲ್ಲ. ನ್ಯಾಯದ್ದಲ್ಲದ ಧನದಿಂದ ಮಾಡಿದ ದಾನಕ್ಕೆ ಬುನಾದಿಯೇ ಇಲ್ಲ.

ನಮ್ಮ ಪೂರ್ವಿಕರಿಗೆ ಈ ಭೇದ ತಿಳಿದಿತ್ತು. ಗೋಕಾಕ, ಹುಕ್ಕೇರಿ ಸೀಮೆಯ ಹಳ್ಳಿಗಳಲ್ಲಿ ಬಡಿಗ, ಕಮ್ಮಾರ, ಕುಂಬಾರ, ಅಗಸ ಮೊದಲಾದ ಆಯಗಾರರಿಗೆ ರಾಶಿಯ ಕಾಲದಲ್ಲಿ ಕಣದಲ್ಲಿಯೇ ಧಾನ್ಯವನ್ನು ಅಳೆದು ಕೊಡುತ್ತಿದ್ದರು. ಅದಕ್ಕೆ ಆಯವೆಂದು ಹೆಸರು. ಅದು ವರ್ಷದ ದುಡಿಮೆಗೆ ಊರು ಒಪ್ಪಿಕೊಂಡ ಪಾಲು; ಒಕ್ಕಲಿಗನ ಮನಸ್ಸು ಪ್ರಸನ್ನವಾಗಿದೆಯೋ ಇಲ್ಲವೋ ಎಂಬುದನ್ನು ಅವಲಂಬಿಸಿದ್ದಲ್ಲ. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು, ಅಪಮಾನ ಬಹಳವಿದ್ದವು. ಅದು ಮರಳಿ ಬರಲೆಂದು ನಾನು ಬಯಸುವುದಿಲ್ಲ. ಆದರೆ ಅದರಲ್ಲಿದ್ದ ಒಂದು ಅಂಶವನ್ನು ಗಮನಿಸಬೇಕು: ಆಯವು ಹಕ್ಕಾಗಿತ್ತು. ಬಕ್ಷೀಸಾದರೋ ಪಾರಸಿಯಿಂದ ಬಂದ ಮಾತು. ದೊರೆ ಮೆಚ್ಚಿ ಕೊಡುವ ಕೊಡುಗೆ ಎಂಬ ಧ್ವನಿ ಅದಕ್ಕಿದೆ. ಆಯ ಹೋಗಿ ಬಕ್ಷೀಸು ಬಂದಾಗ ಹಕ್ಕಿನ ಸ್ಥಾನಕ್ಕೆ ಯಜಮಾನನ ಮರ್ಜಿ ಬಂದಿತು.

ಕೂಲಿ ನ್ಯಾಯವಾಗಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಕಬ್ಬಿನ ಹೊಲಗಳೇ ಸಾಕ್ಷಿ. ತುಕ್ಕಾನಟ್ಟಿಯಿಂದ ಮೂಡಲಗಿಯವರೆಗೆ ನಮ್ಮ ಅನೇಕ ಶ್ರಾವಕರು ಕಬ್ಬಿನ ಬೆಳೆಗಾರರು. ಸುಗ್ಗಿ ಬಂದಾಗ ಬರದ ಸೀಮೆಗಳಿಂದ ಕಟಾವಿನ ಗ್ಯಾಂಗುಗಳು ಬರುತ್ತವೆ. ಕಟಾವು ಮತ್ತು ಸಾಗಣೆಯ ವೆಚ್ಚವನ್ನು ಕಾರ್ಖಾನೆಯವರು ರೈತನ ಲೆಕ್ಕದಲ್ಲಿ ಹಿಡಿಯುತ್ತಾರೆ. ಅದರ ಮೇಲೆ ಗ್ಯಾಂಗಿನವರು 'ಖುಷಿ' ಕೇಳುತ್ತಾರೆ, ಟ್ರ್ಯಾಕ್ಟರಿನ ಚಾಲಕನು 'ಚಹಾಪಾನಿ' ಕೇಳುತ್ತಾನೆ. ರೈತನು ಇದನ್ನು ಸುಲಿಗೆ ಎನ್ನುತ್ತಾನೆ. ಅವನ ದೃಷ್ಟಿಯಿಂದ ಅದು ನಿಜ. ಆದರೆ ಮುಂಗಡ ಪಡೆದು ಸಾಲದಲ್ಲಿ ಸಿಲುಕಿ, ಟನ್ನಿನ ಲೆಕ್ಕದಲ್ಲಿ ಗಂಡ ಹೆಂಡಿರಿಬ್ಬರೂ ದುಡಿಯುವ ಆ ಕುಟುಂಬಕ್ಕೆ ಕೂಲಿಯ ಕೊರತೆಯನ್ನು ತುಂಬಿಕೊಳ್ಳಲು ಬೇರೆ ದಾರಿ ಯಾವುದು? ಕೂಲಿ ಸಾಲದಲ್ಲಿ ಬಕ್ಷೀಸು ಹೀಗೆಯೇ ಎರಡು ರೂಪ ತಾಳುತ್ತದೆ: ಬಲವಿದ್ದಾಗ ಸುಲಿಗೆ, ಬಲವಿಲ್ಲದಾಗ ಭಿಕ್ಷೆ.

2025ರ ನವೆಂಬರಿನಲ್ಲಿ ಇದೇ ಸೀಮೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಹಗಲಿರುಳು ಧರಣಿ ಕುಳಿತರು. ಅವರು ಕೇಳಿದ್ದು ಟನ್ನಿಗೆ 3500 ರೂಪಾಯಿ. ಕಡೆಗೆ ಸರ್ಕಾರ ತೀರ್ಮಾನಿಸಿದ್ದು 3300. "ಬೆಲೆಯ ಮಾತು ಬಿಡಿ, ಹಬ್ಬಕ್ಕೆ ಒಂದಿಷ್ಟು ಖುಷಿ ಕೊಡುತ್ತೇವೆ" ಎಂದು ಯಾರಾದರೂ ಅಲ್ಲಿ ಹೇಳಿದ್ದರೆ ರೈತರು ಸಹಿಸುತ್ತಿದ್ದರೆ? ಅವರು ಕೇಳಿದ್ದು ತಮ್ಮ ಬೆವರಿನ ಬೆಲೆಯನ್ನು. ಹಾಗೆ ಕೇಳಿದ ನಾವೇ ನಮ್ಮ ಹೊಲದ ಆಳಿಗೆ, ಅಂಗಡಿಯ ಹಮಾಲನಿಗೆ, ಬಸದಿಯ ಕೆಲಸದವಳಿಗೆ ಬೆಲೆಯ ಬದಲು ಖುಷಿ ಕೊಟ್ಟು ಕೈತೊಳೆದುಕೊಳ್ಳುವುದು ಯಾವ ನ್ಯಾಯ?

ಇನ್ನು ನಮ್ಮ ಟ್ರಸ್ಟುಗಳ ವಿಷಯ. ಪಂಚಾಮೃತ ಅಭಿಷೇಕದ ಕಲಶಗಳಿಗೆ ಸವಾಲು ನಡೆಯುತ್ತದೆ. ಸಾವಿರಗಳು ಲಕ್ಷವಾಗುತ್ತವೆ, ಧ್ವನಿವರ್ಧಕದಲ್ಲಿ ಹೆಸರು ಮೊಳಗುತ್ತದೆ. ಆ ಕಲಶಗಳನ್ನು ತೊಳೆದಿಟ್ಟವರು, ನೀರು ತಂದವರು, ನಸುಕಿನಲ್ಲಿ ಎದ್ದು ಬಾಗಿಲು ತೆರೆದ ಉಪಾಧ್ಯೆಯವರು ಯಾವ ಸಂಬಳಕ್ಕೆ ದುಡಿಯುತ್ತಿದ್ದಾರೆಂದು ವಿಚಾರಿಸಿದರೆ ಹಲವೆಡೆ ದೊರೆಯುವ ಉತ್ತರ ಒಂದೇ: "ಸಂಬಳ ಸ್ವಲ್ಪ ಕಡಿಮೆ, ಆದರೆ ಭಕ್ತರು ಕೈಯಲ್ಲಿ ಕೊಡುತ್ತಾರಲ್ಲ." ಅಂದರೆ ಟ್ರಸ್ಟು ತಾನು ತೀರಿಸಬೇಕಾದ ಸಾಲವನ್ನು ಭಕ್ತರ ಕರುಣೆಗೆ ವರ್ಗಾಯಿಸಿದೆ. ಇದರಿಂದ ಉಪಾಧ್ಯೆಯವರು ಉಳ್ಳವರ ಮುಖ ನೋಡುವಂತಾಗುತ್ತದೆ. ಬಡ ಶ್ರಾವಕನು ಪೂಜೆ ಹೇಳಲು ಸಂಕೋಚಪಡುವಂತಾಗುತ್ತದೆ. ಜಿನಾಲಯದಲ್ಲಿ ಇಂಥ ಭೇದ ಹುಟ್ಟಿದರೆ ಅದರ ಹೊಣೆ ಆಡಳಿತ ಮಂಡಳಿಯದು. "ಧರ್ಮಕಾರ್ಯವೆಂದರೆ ಸೇವೆ, ಅಲ್ಲಿ ಕೂಲಿಯ ಮಾತೇಕೆ?" ಎಂದು ಕೆಲವರು ಕೇಳುತ್ತಾರೆ. ಸೇವೆಯನ್ನು ತಾನಾಗಿ ಅರ್ಪಿಸಬಹುದೇ ಹೊರತು ಮತ್ತೊಬ್ಬರಿಂದ ವಸೂಲು ಮಾಡಲಾಗದು. ಸ್ವಂತ ಮನೆಯ ಒಲೆ ಉರಿಯುವವನು ಸೇವೆ ಮಾಡಲಿ. ಉಳಿದವರಿಗೆ ಸಂಬಳ ಸಲ್ಲಲಿ.

ಯಾತ್ರೆಯಲ್ಲಿಯೂ ಇದೇ ಕಥೆ. ಸಮ್ಮೇದ ಶಿಖರಜಿಯ ಆರೋಹಣ, ವಂದನೆ, ಅವರೋಹಣ ಸೇರಿ 27 ಕಿಲೋಮೀಟರು. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರು ನೂರಕ್ಕೂ ಹೆಚ್ಚು ಮೆಟ್ಟಿಲು. ಅಲ್ಲಿ ಡೋಲಿ ಹೊರುವವರೊಡನೆ ಕೆಳಗೆ ಚೌಕಾಸಿ ಮಾಡಿ ದರ ಇಳಿಸುವುದು, ಮೇಲೆ ಭಗವಂತನ ಎದುರು ಕಣ್ಣೀರು ಸುರಿಸುವುದು, ಇಳಿದ ಮೇಲೆ ಇಪ್ಪತ್ತು ರೂಪಾಯಿ ಬಕ್ಷೀಸು ಕೊಟ್ಟು ಉದಾರಿಯೆನಿಸಿಕೊಳ್ಳುವುದು! ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವನ್ನು ಎಣಿಸಿದೆ. ನ್ಯಾಯವಾದ ಭಾರಕ್ಕಿಂತ ಹೆಚ್ಚಿನದನ್ನು ಹೊರಿಸುವುದೇ ಅತಿಭಾರವೆಂದು ಪೂಜ್ಯಪಾದರ ವ್ಯಾಖ್ಯಾನ. ಅವರು ದನಕರುಗಳನ್ನು ಕುರಿತು ಹೇಳಿದರು. ದನಕ್ಕೆ ಸಲ್ಲುವ ದಯೆ ಮನುಷ್ಯನ ಹೆಗಲಿಗೆ ಸಲ್ಲಬಾರದೆ? ಅದೇ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರವಾಗಿ ಬರುವ ಹೀನಾಧಿಕಮಾನೋನ್ಮಾನವನ್ನು ನಾವು ತಕ್ಕಡಿಗೆ ಮಾತ್ರ ಸೀಮಿತಗೊಳಿಸಿದ್ದೇವೆ. ಇತರರ ದುಡಿಮೆಯನ್ನು ಹಗುರಾದ ಬೊಟ್ಟಿನಿಂದ ತೂಗುವುದೂ ಕಳ್ಳತೂಕವೇ.

ಹಾಗಾದರೆ ಎಷ್ಟು ಕೊಡಬೇಕು? ಪೇಟೆಯ ಹೋಟೆಲುಗಳಿಂದ ಕಲಿತ 'ಬಿಲ್ಲಿನ ಶೇಕಡಾ ಹತ್ತು' ಎಂಬ ಸೂತ್ರ ನಮಗೆ ಹೊಂದುವುದಿಲ್ಲ. ನಾನೂರು ರೂಪಾಯಿಯ ಊಟಕ್ಕೂ ಸಾವಿರದ ಆರು ನೂರರ ಊಟಕ್ಕೂ ಬಡಿಸಿದವನು ಹೊತ್ತ ತಟ್ಟೆಗಳು ಅಷ್ಟೇ ಇದ್ದರೆ, ಒಮ್ಮೆ ನಲವತ್ತು, ಒಮ್ಮೆ ನೂರರವತ್ತು ಕೊಡುವುದಕ್ಕೆ ಕಾರಣವೇನು? ಅಮೆರಿಕೆಯಲ್ಲಿ ಶೇಕಡಾ ಹದಿನೈದು, ಇಪ್ಪತ್ತು ಕೊಡುವರೆಂದು ಅಲ್ಲಿ ನೆಲೆಸಿದ ನಮ್ಮ ಮಕ್ಕಳು ಹೇಳುತ್ತಾರೆ. ಅಲ್ಲಿ ಬಕ್ಷೀಸು ಪಡೆಯುವ ಕೆಲಸಗಾರನಿಗೆ ಮಾಲೀಕನು ನೇರವಾಗಿ ಕೊಡಬೇಕಾದ ಕನಿಷ್ಠ ಕೂಲಿಯು ಒಕ್ಕೂಟದ ಕಾನೂನಿನಂತೆ 1991ರಿಂದ ಗಂಟೆಗೆ 2.13 ಡಾಲರಿನಲ್ಲಿಯೇ ನಿಂತಿದೆ. ಅನೇಕ ರಾಜ್ಯಗಳಲ್ಲಿ ಮಾತ್ರ ಹೆಚ್ಚಿದೆ. ಮಾಲೀಕನ ಭಾರವನ್ನು ಗಿರಾಕಿಯು ಹೊರುವ ಆ ಪದ್ಧತಿ ನಮಗೆ ಮಾದರಿಯಲ್ಲ. ನಮ್ಮಲ್ಲಿ ಹೋಟೆಲಿನವರು ಸೇವಾಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಸೂಚಿಸಿತು. ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಆ ಶುಲ್ಕವನ್ನು ತೆಗೆಸಿಕೊಂಡವರು ಅದನ್ನು ಲಾಭವೆಂದು ಜೇಬಿಗಿಳಿಸದೆ, ಬಡಿಸಿದ ಕೈಗೆ ಏನಾದರೂ ಕೊಡುವುದು ಶೋಭೆ.

ನನ್ನ ಸೂಚನೆಗಳು ಇಷ್ಟೇ:

1. ಕೂಲಿಯನ್ನು ಕೆಲಸಕ್ಕೆ ಮೊದಲೇ, ಬಾಯಿಬಿಟ್ಟು ಗೊತ್ತುಮಾಡಬೇಕು. "ನೋಡಿ ಕೊಡೋಣ" ಎಂಬ ಮಾತು ಶ್ರಾವಕನ ಬಾಯಲ್ಲಿ ಬರಕೂಡದು.

2. ಹೆಚ್ಚಿನ ಹೊತ್ತಿಗೆ ಹೆಚ್ಚಿನ ಕೂಲಿ ಸಲ್ಲಬೇಕು. ಲೆಕ್ಕದ ಅನುಕೂಲಕ್ಕಾಗಿ ಎಂಟು ಗಂಟೆಗೆ 600 ರೂಪಾಯಿ ಎನ್ನೋಣ. ಗಂಟೆಗೆ 75 ಆಯಿತು. ಅಡಿಗೆಯವನು ಎರಡು ಗಂಟೆ ಹೆಚ್ಚು ನಿಂತರೆ 150 ರೂಪಾಯಿ ಅವನ ಬಾಕಿ. ಅದಕ್ಕಿಂತ ಮೇಲೆ ಕೊಟ್ಟದ್ದು ಮಾತ್ರ ಬಕ್ಷೀಸು.

3. ಬಕ್ಷೀಸನ್ನು ಬಿಲ್ಲಿನಿಂದಲ್ಲ, ಶ್ರಮದಿಂದ ಅಳೆಯಬೇಕು. ಮಳೆಯಲ್ಲಿ ಮೂರು ಮಹಡಿ ಹತ್ತಿ ಸಾಮಾನು ತಲುಪಿಸಿದ ಹುಡುಗನ ಕಾಲು ಗಂಟೆಯು ಮೇಲಿನ ಲೆಕ್ಕದಲ್ಲಿ ಸುಮಾರು 20 ರೂಪಾಯಿ. ತಂದ ವಸ್ತುವಿನ ಬೆಲೆ ನೂರೋ ಸಾವಿರವೋ ಎಂಬುದು ಇಲ್ಲಿ ಅಪ್ರಸ್ತುತ.

4. ಎದುರಿಗೆ ಬಂದು ನಿಂತವನಿಗೆ ಮಾತ್ರ ಕೊಟ್ಟರೆ ಸಾಲದು. ಬಡಿಸಿದವನ ಹಿಂದೆ ಪಾತ್ರೆ ತಿಕ್ಕಿದವಳಿದ್ದಾಳೆ, ಶೌಚಾಲಯ ತೊಳೆದವನಿದ್ದಾನೆ. ಒಟ್ಟು ಮೊತ್ತವನ್ನು ಎಲ್ಲರ ಎದುರು ಹಂಚಬೇಕು.

5. ಕೈಗೆ ಕೊಡಬೇಕು, ಎಸೆಯಬಾರದು. ವರನ ತಲೆಗೆ ನೋಟು ನಿವಾಳಿಸಿ ವಾಜಂತ್ರಿಯವರ ಕಾಲಬಳಿ ಚೆಲ್ಲುವ ಹೊಸ ಚಾಳಿ ನಿಲ್ಲಬೇಕು. ಆದರವಿಲ್ಲದೆ ಕೊಡುವುದನ್ನು ಶಾಸ್ತ್ರವು ಮಾತ್ಸರ್ಯವೆಂದು ಅತಿಥಿಸಂವಿಭಾಗದ ಅತಿಚಾರಗಳಲ್ಲಿ ಸೇರಿಸಿದೆ.

6. ಸರ್ಕಾರಿ ನೌಕರನಿಗೆ ಅವನ ಕರ್ತವ್ಯಕ್ಕಾಗಿ ಕೊಡುವುದು ಬಕ್ಷೀಸಲ್ಲ, ಲಂಚ. 2018ರ ತಿದ್ದುಪಡಿಯ ಬಳಿಕ ಭ್ರಷ್ಟಾಚಾರ ತಡೆ ಕಾಯಿದೆಯಲ್ಲಿ ಕೊಟ್ಟವನಿಗೂ ಏಳು ವರ್ಷಗಳವರೆಗೆ ಸೆರೆವಾಸವುಂಟು. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರಬೇಕು. ನಮ್ಮಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು ಅತಿಚಾರವೆಂದು ಮೊದಲೇ ಹೇಳಿದೆ.

"ಕೊಟ್ಟರೆ ಕುಡಿಯುತ್ತಾರೆ" ಎಂಬ ಆಕ್ಷೇಪ ಯಾವಾಗಲೂ ಬರುತ್ತದೆ. ಬಸದಿಯ ನಕ್ಷೆ ಬರೆದ ಇಂಜಿನಿಯರರು ತಮ್ಮ ಫೀಯನ್ನು ಹೇಗೆ ವೆಚ್ಚ ಮಾಡುತ್ತಾರೆಂದು ನಾವು ಎಂದಾದರೂ ಕೇಳಿದ್ದೇವೆಯೇ? ಬಡವನ ಜೇಬಿಗೆ ಮಾತ್ರ ನೀತಿಯ ಕಾವಲು ಏಕೆ? ವ್ಯಸನವನ್ನು ಬೋಧನೆಯಿಂದ ಬಿಡಿಸೋಣ. ಕೂಲಿಯನ್ನು ಹಿಡಿದಿಟ್ಟು ಯಾರನ್ನೂ ಸಂಯಮಿಗಳನ್ನಾಗಿ ಮಾಡಲಾಗದು.

ಕೊನೆಯದಾಗಿ ಟ್ರಸ್ಟಿನ ಮಾನ್ಯರಲ್ಲಿ ವಿನಂತಿ. ಬರುವ ದಶಲಕ್ಷಣ ಪರ್ವಕ್ಕೆ ಮೊದಲು ಸಭೆ ಕರೆಯಿರಿ. ಉಪಾಧ್ಯೆಯವರು, ಅಡಿಗೆಯವರು, ಕಸಗುಡಿಸುವವರು, ಕಾವಲುಗಾರರು, ಪ್ರತಿಯೊಬ್ಬರ ಸಂಬಳವನ್ನು ಸರ್ಕಾರದ ಕನಿಷ್ಠ ವೇತನದ ಪಟ್ಟಿಯೊಡನೆ ಇಟ್ಟು ನೋಡಿರಿ. ಕಡಿಮೆಯಿದ್ದಲ್ಲಿ ಹೆಚ್ಚಿಸಿರಿ, ಹಣ ಸಾಲದಿದ್ದರೆ ಸವಾಲಿನ ಆದಾಯದಲ್ಲಿ ಮೊದಲ ಪಾಲನ್ನು ಅದಕ್ಕೆ ತೆಗೆದಿರಿಸಿರಿ. ಆ ಲೆಕ್ಕವನ್ನು ದಾನಿಗಳ ಹೆಸರಿರುವ ಫಲಕದ ಪಕ್ಕದಲ್ಲಿಯೇ ತೂಗುಹಾಕಿರಿ. ದುಡಿದವರ ಬಾಕಿ ತೀರಿದ ದಿನದಿಂದ ನಾವು ಕೊಡುವ ಬಕ್ಷೀಸು, ಅದು ಹತ್ತೇ ರೂಪಾಯಿಯಾಗಲಿ, ಪ್ರೀತಿಯ ಕಾಣಿಕೆಯಾಗುತ್ತದೆ. ಪಡೆದವನೂ ಅದನ್ನು ತಲೆ ತಗ್ಗಿಸದೆ ಪಡೆಯುತ್ತಾನೆ.