ಹುಳುವಿಗೆ ಇರುವ ಮಡಿ ಹೊಟ್ಟೆಗೆ ಬೇಡವೇ?

ಕೊಳ್ಳೇಗಾಲದ ಸೀಮೆಯಲ್ಲಿ ರೇಷ್ಮೆ ಹುಳು ಸಾಕಿದ ಮನೆಯವರಿಗೆ ಕ್ರಿಮಿ ಎಂದರೇನೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ಹುಳು ಮನೆಗೆ ಕಾಲಿಡುವ ಮುಂಚೆ ಕೈಕಾಲು ತೊಳೆಯಬೇಕು, ಚಪ್ಪಲಿ ಹೊರಗೇ ಬಿಡಬೇಕು. ಬೆಳೆ ಮುಗಿದೊಡನೆ ತಟ್ಟೆ, ಚಂದ್ರಿಕೆ, ಗೋಡೆಗೆಲ್ಲ ಬ್ಲೀಚಿಂಗ್ ಪೌಡರಿನ ನೀರು ಹೊಡೆಯಬೇಕು. ಕಾಯಿಲೆಯಿಂದ ಸತ್ತ ಹುಳುವನ್ನು ಬೀದಿಗೆ ಎಸೆಯುವಂತಿಲ್ಲ. ಸುಡಬೇಕು, ಇಲ್ಲವೇ ಹೂಳಬೇಕು. ಸ್ವಲ್ಪ ಉದಾಸೀನ ಮಾಡಿದರೆ ಗಂಟುರೋಗ, ಹಾಲುತೊಂಡೆ, ಸುಣ್ಣಕಟ್ಟು. ದಿನಗಟ್ಟಲೆ ದುಡಿದದ್ದೆಲ್ಲ ತಿಪ್ಪೆ ಪಾಲು.

ಈ ಗಂಟುರೋಗವೇ ಒಮ್ಮೆ ಫ್ರಾನ್ಸ್ ದೇಶದ ರೇಷ್ಮೆ ಕಸುಬನ್ನು ನೆಲ ಕಚ್ಚಿಸಿತ್ತು. 1865ರಲ್ಲಿ ಅದರ ಬೆನ್ನು ಹತ್ತಿದವನು ಲೂಯಿ ಪಾಶ್ಚರ್. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ನಾಶ ಮಾಡಿ ಎಂದ. ಬಿತ್ತನೆ ಕೋಠಿಗಳಲ್ಲಿ ಇಂದಿಗೂ ಅದೇ ಪರೀಕ್ಷೆ. ಮನುಷ್ಯರ ಕಾಯಿಲೆಯ ಕಥೆಯೂ ಬೇರೆಯಲ್ಲ. 1884ರಲ್ಲಿ ರಾಬರ್ಟ್ ಕಾಕ್ ಕಲ್ಕತ್ತೆಯ ಕೆರೆ ನೀರಿನಲ್ಲೇ ಕಾಲರಾ ಕ್ರಿಮಿಯನ್ನು ಪತ್ತೆ ಹಚ್ಚಿದ.

ಕ್ರಿಮಿಗಳೆಲ್ಲ ಶತ್ರುಗಳೇನೂ ಅಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆಗೆ ಉಬ್ಬುವುದು, ಹಾಲು ಮೊಸರಾಗುವುದು ಅವುಗಳಿಂದಲೇ. ಪ್ರಶ್ನೆ ಇಷ್ಟೇ: ಹುಳುವಿನ ವಿಷಯದಲ್ಲಿ ನಾವು ತೋರುವ ಮಡಿ, ನಮ್ಮ ಮಕ್ಕಳ ಹೊಟ್ಟೆಯ ವಿಷಯದಲ್ಲಿ ಎಲ್ಲಿ ಹೋಯಿತು?

ಒಂದೇ ಬಕೆಟ್ ನೀರಿನಲ್ಲಿ ನೂರು ಲೋಟ ಅದ್ದಿ ತೆಗೆದು ಟೀ ಕೊಟ್ಟರೆ ಯಾರೂ ಕೇಳುವುದಿಲ್ಲ. ಕೇಳಿದರೆ 'ಏನಾಯ್ತದೆ ಬುಡಿ ಸ್ವಾಮಿ' ಎಂಬ ಉತ್ತರ. ಚರಂಡಿಯೊಳಗೇ ನಲ್ಲಿ ಪೈಪು ಹಾಯುವ ಬೀದಿಗಳನ್ನು ನೋಡದವರುಂಟೆ? ನೀರು ಬಿಟ್ಟಾಗ ಪೈಪಿನ ಬಿರುಕಿನಲ್ಲಿ ನೀರು ಹೊರಕ್ಕೆ ಸೋರುತ್ತದೆ. ನಿಲ್ಲಿಸಿದಾಗ ಅದೇ ಬಿರುಕಿನಲ್ಲಿ ಕೊಳಚೆ ಒಳಕ್ಕೆ ಬರುತ್ತದೆ. ಮರುದಿನ ಬೆಳಿಗ್ಗೆ ಮೊದಲ ಬಿಂದಿಗೆಗೆ ತುಂಬುವುದು ಅದೇ.

ಏನಾಯ್ತದೆ ಎನ್ನುವವರು ಕೇಳಿಸಿಕೊಳ್ಳಲಿ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕೆಟ್ಟ ನೀರು ಕುಡಿದು ಹಲವರು ಪ್ರಾಣ ಬಿಟ್ಟರು. 2024ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ವಾಂತಿ ಭೇದಿಗೆ ಒಬ್ಬ ಯುವಕ ಬಲಿಯಾದ. ಮಾದಪ್ಪನ ಬೆಟ್ಟದ ಜಾತ್ರೆಗೆ, ಬಿಳಿಗಿರಿರಂಗನ ಬೆಟ್ಟಕ್ಕೆ ಸಾವಿರಾರು ಜನ ಬಂದು ಹೋಗುವ ದಾರಿ ನಮ್ಮದು. ನಮಗೆ ಉಡಾಫೆ ಸಲ್ಲದು.

ಕೊಳ್ಳೇಗಾಲದ ನಗರಸಭೆ, ಹನೂರು ಯಳಂದೂರಿನ ಪಟ್ಟಣ ಪಂಚಾಯಿತಿಗಳು ಟ್ಯಾಂಕಿಗೆ ಪೌಡರ್ ಹಾಕಿದೆವು ಎಂದು ಪುಸ್ತಕದಲ್ಲಿ ಬರೆದರೆ ಸಾಲದು. ಬೀದಿಯ ಕಟ್ಟಕಡೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಅಳೆದು, ಲೆಕ್ಕವನ್ನು ಜನರ ಮುಂದಿಡಲಿ. ಚರಂಡಿಯೊಳಗಿನ ಪೈಪುಗಳನ್ನು ಮಳೆಗಾಲಕ್ಕೆ ಮುಂಚೆ ಮೇಲೆತ್ತಲಿ.

ನಮ್ಮ ಪಾಲಿನ ಕೆಲಸವೂ ಇದೆ. ಹೋಟೆಲಿನವರು ಲೋಟವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ ತೊಳೆಯಲಿ. ಮನೆಯಲ್ಲಿ ನೀರನ್ನು ಕುದಿಸಿ ಆರಿಸಿ ಕುಡಿಯೋಣ. ಮಗುವಿಗೆ ಭೇದಿ ಹತ್ತಿದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ, ಗುಟುಕು ಗುಟುಕಾಗಿ ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಬೇಕು. ಚಮಚ ಸಪಾಟಾಗಿರಲಿ, ಉಪ್ಪು ಹೆಚ್ಚಾಗದಿರಲಿ.

ಒಂದು ಬೆಳೆ ಹೋದರೆ ಮತ್ತೆ ಮೊಟ್ಟೆ ತಂದು ಸಾಕಬಹುದು. ಮನೆಯ ಮಗು ಹೋದರೆ ಯಾವ ಕೋಠಿಯಿಂದ ತರುವುದು? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?