ಫ್ಯಾಮಿಲಿ ರೂಮಿನ ಪರದೆ ತೆಗೆಯಿರಿ

ತಾಲ್ಲೂಕು ಕೇಂದ್ರಗಳಲ್ಲಿ ರಾತ್ರಿ ಎಂಟರ ಮೇಲೆ ನಾಲ್ಕು ಜನ ಗೆಳೆಯರು ಕೂತು ಮಾತಾಡಲು ಜಾಗ ಎಲ್ಲಿದೆ? ದರ್ಶಿನಿಯಲ್ಲಿ ನಿಂತೇ ತಿಂದು ಹೊರಡಬೇಕು. ಖಾನಾವಳಿಯಲ್ಲಿ ಊಟ ಮುಗಿಯುವ ಮೊದಲೇ ಮುಂದಿನವರು ಬೆನ್ನ ಹಿಂದೆ ಕಾಯುತ್ತಿರುತ್ತಾರೆ. ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿ ಅಷ್ಟು ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಉಳಿಯುವುದು ಬಾರ್ ಅಂಡ್ ರೆಸ್ಟೋರೆಂಟ್. ಒಂದು ಚಿಲ್ಲಿ ಚಿಕನ್, ಒಂದು ಗೋಬಿ ಮಂಚೂರಿ, ಒಂದು ಪ್ಲೇಟ್ ಮಸಾಲೆ ಕಡ್ಲೆಬೀಜ ಹೇಳಿದರೆ ಎರಡು ಗಂಟೆ ಯಾರೂ ಎಬ್ಬಿಸುವುದಿಲ್ಲ. ಸಾಲ, ಸಂಬಳ, ಬೆಳೆ, ಮದುವೆ, ಪಂಚಾಯಿತಿ ರಾಜಕೀಯ ಎಲ್ಲವೂ ಅಲ್ಲೇ ಮಾತಾಗುತ್ತವೆ.

ಆದರೆ ಆ ಮೇಜಿನ ಸುತ್ತ ಕೂತವರೆಲ್ಲ ಗಂಡಸರು. ನಮ್ಮಲ್ಲಿ ಹುಡುಗರೂ ಇದ್ದೇವೆ, ಹುಡುಗಿಯರೂ ಇದ್ದೇವೆ. ಒಂದೇ ಕ್ಲಾಸಿನಲ್ಲಿ ಓದಿದವರು, ಒಂದೇ ಬಸ್ಸಿನಲ್ಲಿ ಸುದ್ದಿಗೆ ಓಡಾಡಿದವರು. ಒಟ್ಟಿಗೆ ಊಟಕ್ಕೆ ಹೋದರೆ ಸಪ್ಲೈಯರ್ ಕೈ ತೋರಿಸುವುದು ಮಹಡಿ ಮೇಲಿನ 'ಫ್ಯಾಮಿಲಿ ರೂಮ್' ಕಡೆಗೆ. ಪ್ಲೈವುಡ್ ಗೋಡೆ, ಎಣ್ಣೆ ಜಿಡ್ಡಿನ ಪರದೆ, ಮಂಕು ಬಲ್ಬು. ನಾವು ಫ್ಯಾಮಿಲಿ ಅಲ್ಲ, ಫ್ರೆಂಡ್ಸ್ ಅಂದರೆ ಅವನ ಮುಖದಲ್ಲೊಂದು ನಗು ಬರುತ್ತದೆ. ಆ ನಗು ಮಾರನೇ ದಿನ ನಮಗಿಂತ ಮೊದಲೇ ಊರು ತಲುಪಿರುತ್ತದೆ. ನಮ್ಮಲ್ಲಿ ಅರ್ಧ ಜನ ಕುಡಿಯುವವರೇ ಅಲ್ಲ. ಹೋಗುವುದು ಪೆಪ್ಪರ್ ಚಿಕನ್‌ಗೆ, ಮಾತಿಗೆ.

ಇದನ್ನು ಹೇಳಿದರೆ ಬರುವ ಆಕ್ಷೇಪ ಗೊತ್ತು. ಹಳ್ಳಿ ಹೆಂಗಸರು ಮದ್ಯದಂಗಡಿ ಮುಚ್ಚಿಸಿ ಎಂದು ಬೀದಿಗಿಳಿದಿರುವಾಗ ನೀವು ಬಾರ್‌ನಲ್ಲಿ ಕುರ್ಚಿ ಕೇಳುತ್ತೀರಾ? ಆ ಹೆಂಗಸರ ಸಿಟ್ಟು ನ್ಯಾಯವಾದದ್ದು. 2007ರಲ್ಲಿ ಸಾರಾಯಿ ನಿಷೇಧವಾದರೂ ಕುಡಿತ ನಿಲ್ಲಲಿಲ್ಲ, ಬಾಟಲಿ ಬದಲಾಯಿತು ಅಷ್ಟೆ. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಅವರು ಕಂಡಿರುವ ಬಾರ್ ಯಾವುದು? ಕೂಲಿ ದುಡ್ಡು ನುಂಗಿ, ಗಂಡನನ್ನು ತೂರಾಡಿಸಿ ಮನೆಗೆ ಕಳಿಸುವ ಕತ್ತಲೆ ಕೋಣೆ. ನಮ್ಮ ತಕರಾರೂ ಆ ಕತ್ತಲೆಯ ಮೇಲೆಯೇ. ಯಾರಿಗೂ ಕಾಣದ ಮೂಲೆಯಲ್ಲಿ ಕುಡಿಯುವವನಿಗೆ ಲೆಕ್ಕ ತಪ್ಪುತ್ತದೆ. ಪಕ್ಕದ ಮೇಜಿನಲ್ಲಿ ಟೀಚರಮ್ಮನೋ ಚಿಕ್ಕಪ್ಪನೋ ಊಟ ಮಾಡುತ್ತಿದ್ದರೆ ಮೂರನೇ ಕ್ವಾರ್ಟರ್ ಹೇಳಲು ಸ್ವಲ್ಪವಾದರೂ ಯೋಚಿಸುತ್ತಾನೆ ಎನ್ನುವುದು ನಮ್ಮ ನಂಬಿಕೆ.

ಕಾನೂನು ಕೂಡ ಬಾರ್ ಎಂದರೆ ಬರೀ ಬಾಟಲಿ ಎಂದುಕೊಂಡಿಲ್ಲ. ನಮ್ಮ ರಾಜ್ಯದಲ್ಲಿ ಬಾಟಲಿ ಕೊಂಡು ಒಯ್ಯುವ ಅಂಗಡಿಗೆ ಸಿಎಲ್-2 ಲೈಸೆನ್ಸ್, ಕೂತು ಕುಡಿಯುವ ಬಾರ್‌ಗೆ ಸಿಎಲ್-9. ಈ ಎರಡನೆಯದಕ್ಕೆ ನಿಯಮದಲ್ಲಿರುವ ಹೆಸರೇ 'ರಿಫ್ರೆಶ್‌ಮೆಂಟ್ ರೂಮ್'. ಇನ್ನು ಹೆಣ್ಣುಮಕ್ಕಳ ರಕ್ಷಣೆಯ ಮಾತು. ಮದ್ಯ ಕುಡಿಯುವ ಜಾಗಗಳಲ್ಲಿ ಹೆಂಗಸರು ಕೆಲಸ ಮಾಡಬಾರದು ಎಂದು ದೆಹಲಿಯಲ್ಲಿ ಜಾರಿಯಲ್ಲಿದ್ದ ಹಳೆಯ ಪಂಜಾಬ್ ಅಬಕಾರಿ ಕಾಯ್ದೆ ಹೇಳುತ್ತಿತ್ತು. ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಲಿಲ್ಲ. ರಕ್ಷಣೆಯ ನೆಪದಲ್ಲಿ ಹೆಣ್ಣನ್ನು ಹೊರಗಿಡುವುದಲ್ಲ, ಆಕೆ ನಿರ್ಭಯವಾಗಿ ಇರುವಂತೆ ಮಾಡುವುದು ಸರ್ಕಾರದ ಕೆಲಸ ಎನ್ನುವುದು ಆ ತೀರ್ಪಿನ ಸಾರ. ಕೆಲಸಕ್ಕೆ ಅನ್ವಯಿಸಿದ ಮಾತು ಊಟಕ್ಕೂ ಅನ್ವಯಿಸಬಾರದೇಕೆ?

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಮುಖ ಕಾಣುವಷ್ಟು ಬೆಳಕು, ರೇಟು ಬರೆದಿಟ್ಟ ಮೆನು, ಚಿಲಕ ಇರುವ ಸ್ವಚ್ಛ ಶೌಚಾಲಯ. ಊಟದ ಬಿಲ್ಲು ಬೇರೆ, ಕುಡಿತದ ಬಿಲ್ಲು ಬೇರೆ. ಹಾಗಾದರೆ ಬರೀ ಜೀರಾ ರೈಸ್ ತಿಂದವರು ಬೇರೆಯವರ ಬಿಯರ್‌ಗೆ ದುಡ್ಡು ಹಾಕಬೇಕಾಗುವುದಿಲ್ಲ. ಜೊತೆಗೆ, ಯಾರು ಯಾರ ಸಂಗಡ ಬಂದರು ಎಂದು ವಿಚಾರಿಸದ ಸಪ್ಲೈಯರ್.

ಬಾರ್ ಮಾಲೀಕರೇ, ನಿಮಗೂ ಇದರಲ್ಲಿ ನಷ್ಟವಿಲ್ಲ, ಗಿರಾಕಿಗಳು ಹೆಚ್ಚುತ್ತಾರೆ. ಓದುಗ ಗೆಳೆಯರೇ, ಮುಂದಿನ ಸಲ ಊಟಕ್ಕೆ ಹೋದಾಗ ನೀವೂ ಕೆಳಗಿನ ಹಾಲ್‌ನಲ್ಲೇ ಮೇಜು ಕೇಳಿ. ಒಂದು ಗುಂಪು ಕೇಳಿದರೆ ನಗುತ್ತಾರೆ. ಹತ್ತು ಗುಂಪು ಕೇಳಿದರೆ ಮೇಜು ಒರೆಸಿ ಕುರ್ಚಿ ಎಳೆಯುತ್ತಾರೆ.