ಕೋಟೆ ಇಲ್ಲೇ ಏಕೆ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಕೋಟೆ ಎಂದರೆ ಒಂದು ಅಂಕದ ಪ್ರಶ್ನೆ. ಕಟ್ಟಿಸಿದವರು ಯಾರು, ಯಾವ ನದಿಯ ದಡದಲ್ಲಿದೆ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸಿದರೆ ಮುಗಿಯಿತು. ಕಳೆದ ತಿಂಗಳು ಕಾರವಾರದ ಪಕ್ಕದ ಸದಾಶಿವಗಡ ಹತ್ತಿ ಬಂದ ಮೇಲೆ, ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎನಿಸಿದೆ: ಕೋಟೆಯನ್ನು ಇಲ್ಲೇ ಏಕೆ ಕಟ್ಟಿದರು?

ಕಾರವಾರದಿಂದ ಕಾಳಿ ಸೇತುವೆ ದಾಟಿದರೆ ಎದುರಿಗೇ ಗುಡ್ಡ. ಕೆಳಗಿನ ಹಳೆಯ ಊರು ಚಿತ್ತಾಕುಲ. ಪೋರ್ಚುಗೀಸರ ಬಾಯಲ್ಲಿ ಅದು ‘ಸಿಂತಾಕೋರಾ’ ಆಗಿತ್ತು. ಸೋದೆಯ ಅರಸ ಬಸವಲಿಂಗ ಗುಡ್ಡದ ಮೇಲೆ ಕೋಟೆ ಕಟ್ಟಿಸಿ ತಂದೆ ಸದಾಶಿವನ ಹೆಸರಿಟ್ಟ. 1752ರಲ್ಲಿ ಪೋರ್ಚುಗೀಸರು ಅದನ್ನು ಹಿಡಿದರು. ಆಮೇಲೆ ಹೈದರ್ ಅಲಿ, ಕೊನೆಗೆ ಬ್ರಿಟಿಷರು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಇಲ್ಲಿಗೆ ಬಂದಿದ್ದ ರವೀಂದ್ರನಾಥ ಟ್ಯಾಗೋರರು, ಕಾಳಿಯಲ್ಲಿ ದೋಣಿಯೇರಿ ಹೋಗಿ ಕಂಡ ಕೋಟೆಯನ್ನು ನೆನಪಿನ ಬರಹದಲ್ಲಿ ಶಿವಾಜಿಯ ಕೋಟೆ ಎಂದು ಕರೆದರು. ಹೆಸರುಗಳು ಹೀಗೆ ಬದಲಾಗುತ್ತಲೇ ಬಂದಿವೆ.

ಬದಲಾಗದೇ ಇರುವುದು ಜಾಗ. ಗುಡ್ಡದ ಮೇಲೆ ದುರ್ಗಾದೇವಿಯ ಗುಡಿಯಿದೆ, ಕೋಟೆಯ ಅಷ್ಟಿಷ್ಟು ಕುರುಹು ಉಳಿದಿದೆ. ಆದರೆ ಅಲ್ಲಿ ನಿಂತು ಕೆಳಗೆ ನೋಡಿದರೆ ಉತ್ತರ ತಾನಾಗಿಯೇ ಹೊಳೆಯುತ್ತದೆ. ಕಾಳಿ ಕಡಲು ಸೇರುವುದು ಕಣ್ಣೆದುರೇ. ನದಿಯೊಳಗೆ ಹೋಗುವ, ಹೊರಗೆ ಬರುವ ಯಾವ ದೋಣಿಯೂ ಈ ಗುಡ್ಡದ ಕಣ್ಣು ತಪ್ಪಿಸಲಾರದು. ಘಟ್ಟದ ಕರಿಮೆಣಸಿಗಾಗಿ, ಹುಬ್ಬಳ್ಳಿ ಕಡೆಯ ಬಟ್ಟೆಗಾಗಿ ಇಂಗ್ಲಿಷ್ ವ್ಯಾಪಾರಿಗಳು 1638ರಲ್ಲೇ ಕಾರವಾರದಲ್ಲಿ ಮಳಿಗೆ ತೆರೆದಿದ್ದರು. ಅಂಥ ವ್ಯಾಪಾರದ ಬಾಗಿಲನ್ನು ಕಾಯುವ ಜಾಗ ಇದು.

ಕೆಲಸ ಹುಡುಕಿ ಜನ ಕಡಲು ದಾಟಿ ಬರುತ್ತಿದ್ದ ಊರಿನಿಂದ ಈಗ ಕೆಲಸಕ್ಕಾಗಿ ಜನ ಹೊರಗೆ ಹೋಗುತ್ತಾರೆ. ಗುಡ್ಡದ ಬುಡದ ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಯುವಕನೊಬ್ಬನನ್ನು ‘ಅಣ್ಣಾ, ಕೋಟೆಗೆ ಯಾವ ದಾರಿ?’ ಎಂದು ಕೇಳಿದ್ದೆ. ‘ಇಲ್ಲಿ ಎಂತ ಇದೆ ನೋಡಲಿಕ್ಕೆ?’ ಎಂದು ನಕ್ಕ. ಅವನು ಗೋವಾದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾನೆ. ಅಗ್ವಾದ ಕೋಟೆಗೆ ಹೇಗೆ ಹೋಗಬೇಕು, ಅಲ್ಲಿ ಏನು ನೋಡಬೇಕು ಎಂದು ಅತಿಥಿಗಳಿಗೆ ಹೇಳುವುದು ಅವನ ದಿನನಿತ್ಯದ ಕೆಲಸ. ‘ನಮ್ಮೂರ ಕೋಟೆ ಬಗ್ಗೆ ಯಾರೂ ಕೇಳಿಲ್ಲ, ನನಗೆ ಯಾರೂ ಹೇಳಿಯೂ ಇಲ್ಲ’ ಎಂದ.

ಪ್ರವಾಸೋದ್ಯಮ ಎಂದೊಡನೆ ನಾವು ರೆಸಾರ್ಟ್ ಲೆಕ್ಕ ಹಾಕುತ್ತೇವೆ. ಊರಿನ ಕಥೆಯನ್ನು ಸರಿಯಾಗಿ ಹೇಳಬಲ್ಲವರು ಬೇಕೆಂಬುದು ಆ ಲೆಕ್ಕದಲ್ಲಿ ಇರುವುದೇ ಇಲ್ಲ. ಕನ್ನಡ, ಕೊಂಕಣಿ ಎರಡೂ ಬಲ್ಲ ಇಲ್ಲಿನ ಪದವೀಧರರಿಗೆ ತರಬೇತಿ ಮತ್ತು ಅಧಿಕೃತ ಗುರುತಿನ ಚೀಟಿ ಕೊಟ್ಟು, ಕಾಳಿಯ ದೋಣಿ ಸವಾರಿಗೆ ಕೋಟೆಯನ್ನೂ ಜೋಡಿಸಿದರೆ ಕೆಲವರಿಗಾದರೂ ಊರಲ್ಲೇ ದುಡಿಮೆ ಸಿಗುತ್ತದೆ. ಮಳೆಗಾಲದಲ್ಲಿ ಈ ಕೆಲಸ ಹೊಟ್ಟೆ ತುಂಬಿಸದು, ಗೋವಾದ ಸಂಬಳಕ್ಕೆ ಸಾಟಿಯೂ ಆಗದು ನಿಜ. ಆದರೆ ಬಿಟ್ಟು ಹೋಗುವುದೊಂದೇ ದಾರಿ ಎಂದು ನಂಬಿದವರಿಗೆ ಇನ್ನೊಂದು ದಾರಿಯೂ ಕಾಣುತ್ತದೆ.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದಾಗ, ಲಾರಿಯೊಂದಿಗೆ ನದಿಗೆ ಬಿದ್ದ ಚಾಲಕನನ್ನು ಕಾಪಾಡಿದವರಲ್ಲಿ ಸ್ಥಳೀಯ ಮೀನುಗಾರರೂ ಇದ್ದರು. ಊರನ್ನು, ಅದರ ನೀರನ್ನು ಬಲ್ಲವರ ಬೆಲೆ ತಿಳಿಯಲು ಪ್ರತಿ ಸಲವೂ ಸೇತುವೆ ಬೀಳಬೇಕೆ?

ಕಾಲೇಜುಗಳಲ್ಲಿ ಪ್ರಾಜೆಕ್ಟ್ ಹೆಸರಿನಲ್ಲಿ ಎಷ್ಟೋ ಪುಟ ನಕಲು ಮಾಡುತ್ತೇವೆ. ಅದರ ಬದಲು ನಮ್ಮೂರಿನ ಒಂದು ಕೋಟೆ, ಕೆರೆ ಅಥವಾ ಹಳೆಯ ಬಂದರನ್ನು ಆರಿಸಿಕೊಳ್ಳೋಣ. ಅದು ಅಲ್ಲೇ ಏಕಿದೆ ಎಂದು ಹಿರಿಯರನ್ನು ಕೇಳೋಣ, ದಾಖಲೆಗಳಲ್ಲಿ ಹುಡುಕೋಣ. ಬರೆದ ಎರಡು ಪುಟವನ್ನು ಪಂಚಾಯಿತಿಗೂ ಕೊಡೋಣ. ದಾರಿ ಕೇಳಿಕೊಂಡು ಬರುವ ಮುಂದಿನವರಿಗೆ ಹೇಳಲು ಆಗ ಊರಿನಲ್ಲಿ ಏನಾದರೂ ಇರುತ್ತದೆ.